ರೇಡಿಯೇಟರ್ ತೆಗೆಸಿ ಟವೆಲ್ ರೈಲು ಹಾಕಿಸಿದ್ಮೇಲೆ ಬಿಸಿನೇ ಬರ್ತಿಲ್ವಾ? ಎಲ್ಲಿಂದ ಹುಡುಕ್ಬೇಕು ಅಂತ ಹೇಳ್ತೀನಿ

ಯುಕೆನಲ್ಲಿ ಹಳೇ ಮನೆ ತಗೊಂಡಿರೋ ನಮ್ಮೋರು ಬಾತ್‌ರೂಮ್ ಕೆಲಸಕ್ಕೆ ಕೈ ಹಾಕಿದ್ರೆ ಮೊದಲು ಕಿತ್ತಾಕ್ಸೋದು ಕಿಟಕಿ ಕೆಳಗಿರೋ ಬಿಳಿ ರೇಡಿಯೇಟರನ್ನ. ಆ ಜಾಗಕ್ಕೆ ಏಣಿ ಥರ ನಿಲ್ಲೋ ಕ್ರೋಮ್ ಟವೆಲ್ ರೈಲು ಬರತ್ತೆ, ನೋಡೋಕೆ ಚೆಂದ, ಜಾಗನೂ ಉಳಿಯತ್ತೆ, ಒದ್ದೆ ಟವೆಲ್ಲೂ ಒಣಗತ್ತೆ. ಬೇಸಿಗೇಲಿ ಕೆಲಸ ಮುಗಿದಿರತ್ತೆ, ದುಡ್ಡು ಕೊಟ್ಟಾಗಿರತ್ತೆ, ಅಕ್ಟೋಬರ್‌ನಲ್ಲಿ ಹೀಟಿಂಗ್ ಆನ್ ಮಾಡಿದಾಗ ಗೊತ್ತಾಗೋದು ಹಳೇದೇ ಚೆನ್ನಾಗಿತ್ತು ಅಂತ. ಆಗ ಎಲ್ರೂ ಹೇಳೋ ಮಾತು ಒಂದೇ, "ಟವೆಲ್ ರೈಲು ಸರಿ ಇಲ್ಲ". ನಾನು ನೋಡಿರೋ ಮಟ್ಟಿಗೆ ರೈಲೇ ಕೆಟ್ಟಿರೋದು ತುಂಬಾ ಕಮ್ಮಿ.

ಈ ಒಂದು ದೂರಿನೊಳಗೆ ಎರಡು ಬೇರೆ ಬೇರೆ ದೂರು ಸೇರ್ಕೊಂಡಿರತ್ತೆ, ಅದನ್ನ ಮೊದಲು ಬಿಡಿಸ್ಕೊಳ್ಳಿ. ರೈಲೇ ಬಿಸಿ ಆಗ್ತಿಲ್ವಾ, ಇಲ್ಲಾ ರೈಲು ಕೈ ಇಡೋಕಾಗದಷ್ಟು ಬಿಸಿ ಇದ್ರೂ ರೂಮು ಬೆಚ್ಚಗಾಗ್ತಿಲ್ವಾ? ಮೊದಲನೇದು ನೀರು ಓಡಾಡದೇ ಇರೋ ಸಮಸ್ಯೆ, ಅದನ್ನ ಬಹಳಷ್ಟು ಸಲ ನೀವೇ ಸರಿ ಮಾಡ್ಕೋಬಹುದು. ಎರಡನೇದು ಲೆಕ್ಕದ ಸಮಸ್ಯೆ, ಎಷ್ಟು ಸಲ ವಾಲ್ವ್ ತಿರುಗಿಸಿದ್ರೂ ಅದು ಹೋಗಲ್ಲ.

ಇಲ್ಲಿ ನಾನು ಹೇಳ್ತಿರೋದು ಬಾಯ್ಲರ್‌ನಿಂದ ಬರೋ ಬಿಸಿನೀರಲ್ಲಿ ನಡೆಯೋ ರೈಲಿನ ವಿಷಯ, ಬರೀ ಕರೆಂಟಿನದ್ದಲ್ಲ.

ಶುರು ಮಾಡೋ ಮುಂಚೆ

ಹೀಟಿಂಗ್ ನಿಜವಾಗ್ಲೂ ಓಡ್ತಿದೆಯಾ ನೋಡಿ. ಊರಲ್ಲಿ ಗೀಸರ್ ಸ್ವಿಚ್ ಹಾಕಿ ಅಭ್ಯಾಸ ಇರೋರಿಗೆ ಟವೆಲ್ ರೈಲು ಅಂದ್ರೆ ತಾನಾಗೇ ಬಿಸಿ ಆಗೋ ವಸ್ತು ಅನ್ಸತ್ತೆ, ಆದ್ರೆ ಇದು ಮನೆಯ ಬೇರೆ ರೇಡಿಯೇಟರ್‌ಗಳ ಜೊತೆ ಒಂದೇ ಸರ್ಕ್ಯೂಟಲ್ಲಿ ಇರೋದು. ಹಾಲ್‌ನಲ್ಲಿರೋ ಥರ್ಮೋಸ್ಟ್ಯಾಟ್ 19 ಡಿಗ್ರಿ ಮುಟ್ಟಿ ಬಾಯ್ಲರ್ ಆಫ್ ಮಾಡಿದ್ರೆ ಬಾತ್‌ರೂಮಿನ ರೈಲೂ ತಣ್ಣಗಾಗತ್ತೆ, ಅದು ದೋಷ ಅಲ್ಲ. ಕಾಂಬಿ ಬಾಯ್ಲರ್ (ಸಿಲಿಂಡರ್ ಇಲ್ದೇ ಹೀಟಿಂಗಿಗೂ ನಲ್ಲಿಗೂ ತಾನೇ ನೀರು ಕಾಯ್ಸೋದು) ಇದ್ರೆ ಇನ್ನೊಂದು, ಯಾರಾದ್ರೂ ಸ್ನಾನಕ್ಕೆ ಬಿಸಿನೀರು ಬಿಟ್ಕೊಂಡಿರೋವಷ್ಟು ಹೊತ್ತು ಬಾಯ್ಲರ್ ರೇಡಿಯೇಟರ್‌ಗಳಿಗೆ ನೀರು ಕಳ್ಸೋದನ್ನ ನಿಲ್ಲಿಸಿ ನಲ್ಲಿಗೆ ಮಾತ್ರ ಬಿಸಿ ಕೊಡತ್ತೆ, ಅಂದ್ರೆ ಬೆಳಿಗ್ಗೆ ನಾಲ್ಕು ಜನ ಒಬ್ಬರಾದ್ಮೇಲೆ ಒಬ್ಬರು ಶವರ್ ಮಾಡೋ ಮನೇಲಿ ಟವೆಲ್ ರೈಲು ಆ ಹೊತ್ತಲ್ಲಿ ಉಗುರುಬೆಚ್ಚಗೇ ಇರೋದು. ಅಂಥ ಮನೇಲಿ ಹೀಟಿಂಗ್ ಟೈಮರನ್ನ ಒಂದು ಗಂಟೆ ಮುಂಚೆ ಇಟ್ರೆ ಸಾಕು.

ಕೆಲವು ಹಳೇ ಮನೆಗಳಲ್ಲಿ ಬಿಸಿನೀರಿನ ಸಿಲಿಂಡರ್ ಇರತ್ತಲ್ಲ, ಅಲ್ಲಿ ಬಾತ್‌ರೂಮಿನ ರೇಡಿಯೇಟರನ್ನ ಸಿಲಿಂಡರ್ ಕಾಯ್ಸೋ ಪೈಪಿಗೆ ಸೇರಿಸಿರ್ತಿದ್ರು, ಹಾಗಾಗಿ ಬೇಸಿಗೇಲೂ ಅದೊಂದು ಬಿಸಿ ಇರ್ತಿತ್ತು. ಕಾಂಬಿ ಹಾಕಿಸಿದ್ಮೇಲೆ ಆ ಸೌಕರ್ಯ ಹೋಗತ್ತೆ. "ಮುಂಚೆ ಜೂನ್‌ನಲ್ಲೂ ಬಿಸಿ ಇತ್ತು" ಅಂತ ಯಾರಾದ್ರೂ ಹೇಳಿದ್ರೆ ಮೊದಲು ಇದನ್ನ ಕೇಳಿ ತಿಳ್ಕೊಳ್ಳಿ.

ಕೆಳಗಿನ ಎರಡು ಪೈಪು ಮುಟ್ಟಿ ನೋಡಿ

ಇಡೀ ಹುಡುಕಾಟದಲ್ಲಿ ನಾನು ಇದಕ್ಕೆ ಅತಿ ಹೆಚ್ಚು ಬೆಲೆ ಕೊಡ್ತೀನಿ. ಹೀಟಿಂಗ್ ಪೂರ್ತಿ ಆರಿರೋವಾಗ ಶುರು ಮಾಡಿ, ಥರ್ಮೋಸ್ಟ್ಯಾಟನ್ನ 25ಕ್ಕೆ ಏರಿಸಿ, ಬಾತ್‌ರೂಮಲ್ಲಿ ಕೂತ್ಕೊಂಡು ರೈಲಿನ ಕೆಳಗೆ ಎಡಕ್ಕೊಂದು ಬಲಕ್ಕೊಂದು ಬರೋ 15 ಎಂಎಂ ಪೈಪುಗಳನ್ನ ವಾಲ್ವಿಗಿಂತ ಕೆಳಗಡೆ ಆಗಾಗ ಬೆರಳಿಂದ ಮುಟ್ತಾ ಇರಿ. ನೀರು 60-70 ಡಿಗ್ರಿ ಮುಟ್ಟಬಹುದು, ಮುಟ್ಟಿ ತಕ್ಷಣ ಕೈ ತೆಗೀರಿ, ಮಕ್ಕಳಿಗೆ ಈ ಕೆಲಸ ಹೇಳ್ಬೇಡಿ. ಯಾವ ಪೈಪು ಮೊದಲು ಬಿಸಿ ಆಯ್ತು, ಬಿಸಿ ಎಲ್ಲಿಗೆ ಬಂದು ನಿಂತ್ತು, ಇಷ್ಟು ನೋಡ್ಕೊಂಡ್ರೆ ಅರ್ಧ ಕೆಲಸ ಆದ ಹಾಗೆ.

ಒಂದು ಪೈಪು ಸುಡ್ತಿದೆ, ಇನ್ನೊಂದು ತಣ್ಣಗಿದೆ ಅಂದ್ರೆ ನೀರು ಬಾಗಿಲ ತನಕ ಬಂದಿದೆ ಆದ್ರೆ ರೈಲು ದಾಟಿ ಆಚೆ ಹೋಗ್ತಿಲ್ಲ: ಯಾವುದೋ ವಾಲ್ವ್ ಮುಚ್ಚಿದೆ ಇಲ್ಲಾ ರೈಲಿನೊಳಗೆ ಗಾಳಿ ತುಂಬಿದೆ. ಎರಡೂ ತಣ್ಣಗಿದ್ದು ಮನೇಲಿ ಬೇರೆಲ್ಲ ರೇಡಿಯೇಟರ್ ಬಿಸಿ ಇದ್ರೆ ತೊಂದರೆ ನೆಲದ ಕೆಳಗೆ ಅಥವಾ ಬ್ಯಾಲೆನ್ಸಿಂಗಲ್ಲಿ, ಅಂದ್ರೆ ಎಲ್ಲ ರೇಡಿಯೇಟರ್‌ಗೂ ನೀರು ಸರಿಯಾಗಿ ಹಂಚೋದರಲ್ಲಿ. ರೈಲಿನ ಕೆಳಗಿನ ಭಾಗ ಬಿಸಿ, ಮೇಲಿನ ಕಂಬಿಗಳು ತಣ್ಣಗೆ ಅಂದ್ರೆ ಕಣ್ಣು ಮುಚ್ಕೊಂಡು ಗಾಳಿ ಅನ್ನಿ. ಎರಡೂ ಪೈಪು ಬಿಸಿ ಇದ್ದು ರೈಲು ಮಾತ್ರ ತಣ್ಣಗಿದ್ರೆ ಎರಡೂ ವಾಲ್ವ್ ಮುಚ್ಚಿರ್ಬಹುದು, ತೆರೆದಿದ್ರೆ ಮನೇಲಿ ಹಳೇ ಒಂದು-ಪೈಪ್ ಸಿಸ್ಟಮ್ ಇರ್ಬಹುದು, ಅದಕ್ಕೆ ಮುಂದೆ ಬರ್ತೀನಿ.

ನಮ್ಮಕ್ಕನ ಮನೆ ರೆಡಿಂಗ್‌ನಲ್ಲಿದೆ, ಹೋದ ಚಳಿಗಾಲ ಫೋನ್ ಮಾಡಿ "ಲೋ, ಹೊಸಾ ರೈಲು ಐಸ್ ಥರ ಇದೆ ಕಣೋ, ಹಾಕಿದೋನಿಗೆ ಫೋನ್ ಮಾಡಿದ್ರೆ ಎತ್ತೋದೇ ಇಲ್ಲ" ಅಂದ್ಳು. "ಅಕ್ಕ, ಮೊದಲು ಕೆಳಗಿನ ಪೈಪ್ ಮುಟ್ಟಿ ನೋಡು, ಎರಡೂ" ಅಂದೆ. "ಎಡಗಡೆದು ಸುಡ್ತಿದೆ, ಬಲಗಡೆದು ತಣ್ಣಗಿದೆ." "ಬಲಗಡೆ ವಾಲ್ವಿನ ಮೇಲಿರೋ ಟೋಪಿ ಎಳೆದು ತೆಗಿ, ಒಳಗೆ ಚೌಕ ತಲೆ ಕಾಣತ್ತೆ, ಸ್ಪ್ಯಾನರಲ್ಲಿ ಗಡಿಯಾರಕ್ಕೆ ಉಲ್ಟಾ ತಿರುಗ್ಸು." ಫೋನಲ್ಲೇ ಸೊಯ್ ಅಂತ ನೀರು ನುಗ್ಗೋ ಸದ್ದು ಕೇಳಿಸ್ತು. ರೈಲು ಕೂರಿಸೋವಾಗ ನೀರು ಬರಬಾರ್ದು ಅಂತ ಮುಚ್ಚಿದ ಲಾಕ್‌ಶೀಲ್ಡ್ ವಾಲ್ವನ್ನ (ಟೋಪಿ ಕೆಳಗಿರೋ, ಎಷ್ಟು ನೀರು ಹೋಗ್ಬೇಕು ಅಂತ ಹೊಂದಿಸೋ ವಾಲ್ವು) ಆಮೇಲೆ ತೆರೆದೇ ಇರ್ಲಿಲ್ಲ. ಇದು ತುಂಬಾ ಸಾಮಾನ್ಯ, ಹಾಗಾಗಿ ಒಂದು ಪೈಪು ಬಿಸಿ ಒಂದು ತಣ್ಣಗೆ ಅಂದ ತಕ್ಷಣ ನಾನು ನೋಡೋದು ಲಾಕ್‌ಶೀಲ್ಡನ್ನ.

ಥರ್ಮೋಸ್ಟ್ಯಾಟ್ ವಾಲ್ವ್

ಇನ್ನೊಂದು ತುದೀಲಿ 1ರಿಂದ 5ರ ತನಕ ನಂಬರ್ ಇರೋ ತಲೆ ಇದ್ರೆ ಅದು ಟಿಆರ್‌ವಿ, ರೂಮು ಬೆಚ್ಚಗಾದಾಗ ತಾನಾಗೇ ಮುಚ್ಕೊಳ್ಳೋ ಥರ್ಮೋಸ್ಟ್ಯಾಟ್ ವಾಲ್ವ್. ಅದನ್ನ 5ಕ್ಕೆ ತಿರುಗಿಸಿದ್ರೂ ಬಿಸಿ ಬರ್ಲಿಲ್ಲ ಅಂದ್ರೆ ತಲೆಯ ಬುಡದಲ್ಲಿರೋ ರಿಂಗನ್ನ ಸಡಿಲ ಮಾಡಿ ತಲೆ ಪೂರ್ತಿ ಹೊರಗೆ ತೆಗೀರಿ. ಗಾಬರಿ ಬೇಡ, ನೀರು ಬರಲ್ಲ. ಕೆಳಗೆ ವಾಲ್ವಿನ ನಡುವೆ ಒಂದು ಸಣ್ಣ ಲೋಹದ ಪಿನ್ನು ನಿಂತಿರತ್ತೆ, ಕಡ್ಡಿಪೆಟ್ಟಿಗೆಯ ಕಡ್ಡಿಗಿಂತ ಸ್ವಲ್ಪ ದಪ್ಪ. ಸ್ಪ್ಯಾನರಿನ ಚಪ್ಪಟೆ ಭಾಗದಿಂದ ಅದನ್ನ ಒತ್ತಿ. ಎರಡು ಮೂರು ಎಂಎಂ ಒಳಗೆ ಹೋಗಿ, ಬಿಟ್ಟ ತಕ್ಷಣ ತಾನಾಗೇ ಮೇಲೆ ಬರ್ಬೇಕು. ಒಳಗೇ ಕೂತಿದ್ರೆ ವಾಲ್ವು ಮುಚ್ಚಿದ ಸ್ಥಿತೀಲಿ ಅಂಟ್ಕೊಂಡಿದೆ. ಆಗ ಸುತ್ತ ಒಂದು ಹನಿ ಸಿಲಿಕೋನ್ ಸ್ಪ್ರೇ ಬಿಟ್ಟು ಪಕ್ಕದಿಂದ ಮೆಲ್ಲಗೆ ತಟ್ತಾ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿ. ಇಕ್ಕಳದಲ್ಲಿ ಹಿಡಿದು ಮೇಲಕ್ಕೆ ಎಳೆಯೋಕೆ ಮಾತ್ರ ಹೋಗ್ಬೇಡಿ, ಪಿನ್ನು ಕೈಗೆ ಬಂದ್ರೆ ಹಿಂದೆನೇ ನೀರು ಬರತ್ತೆ. ಹಳೇ ವಾಲ್ವನ್ನೇ ಉಳಿಸ್ಕೊಂಡು ಹೊಸ ರೈಲು ಹಾಕಿದ ಕಡೆ ಪಿನ್ನು ಅಂಟೋದು ಜಾಸ್ತಿ, ಅದಕ್ಕೇ ರೈಲು ಬದಲಾಯಿಸೋವಾಗ ವಾಲ್ವೂ ಬದಲಾಯಿಸಿ ಅಂತ ನಾನು ಎಲ್ರಿಗೂ ಹೇಳೋದು.

ಪಿನ್ನು ಚೆನ್ನಾಗಿದ್ರೂ ಟಿಆರ್‌ವಿ ಬೇಗ ಮುಚ್ಕೊಳ್ಳೋಕೆ ಟವೆಲ್ ರೈಲಲ್ಲಿ ಬೇರೆ ಕಾರಣ ಇದೆ. ಉದ್ದ ಟವೆಲ್ಲು ಇಳಿಬಿದ್ದು ಆ ತಲೆಯನ್ನ ಮುಚ್ಚಿದ್ರೆ ಅದರ ಸುತ್ತ ಬಿಸಿಗಾಳಿ ನಿಂತ್ಕೊಂಡು, ರೂಮು ಬೆಚ್ಚಗಾಯ್ತು ಅಂತ ವಾಲ್ವು ಮುಚ್ಚತ್ತೆ. ಟವೆಲ್ಲು ತೆಗೆದು ಅರ್ಧ ಗಂಟೆ ಬಿಟ್ಟು ನೋಡಿ.

ಗಾಳಿ

ಮೇಲಿನ ಕಂಬಿ ತಣ್ಣಗಿದ್ರೆ ಗಾಳಿ ಬಿಡಿಸ್ಬೇಕು, ಬ್ಲೀಡ್ ಮಾಡೋದು ಅಂದ್ರೆ ಇದೇ. ಹೀಟಿಂಗ್ ಆಫ್ ಮಾಡಿ ನೀರು ಆರೋಕೆ ಬಿಡಿ, ಪಂಪ್ ಓಡ್ತಿರೋವಾಗ ಬಿಡಿಸೋಕೆ ಹೋದ್ರೆ ಕೆಲವು ಸಿಸ್ಟಮಲ್ಲಿ ಗಾಳಿ ಒಳಗೇ ಎಳ್ಕೊಳ್ಳತ್ತೆ. ರೈಲಿನ ತುದೀಲಿ, ಸಾಮಾನ್ಯವಾಗಿ ಮೇಲೆ ಇಲ್ಲಾ ಗೋಡೆ ಕಡೆಗೆ, ಸಣ್ಣ ಸ್ಕ್ರೂ ಇರತ್ತೆ. ಕೆಲವಕ್ಕೆ ಚೌಕ ಕೀ ಬೇಕು, ಕೆಲವಕ್ಕೆ ಸ್ಕ್ರೂಡ್ರೈವರ್ ಸಾಕು. ಕೆಳಗೆ ಹಳೇ ಬಟ್ಟೆ ಹಿಡ್ಕೊಂಡು ಕಾಲು ಸುತ್ತು ಬಿಡಿಸಿ, ಉಸ್ ಅಂತ ಗಾಳಿ ಹೋಗಿ ಆಮೇಲೆ ನೀರು ಒಂದೇ ಧಾರೆಯಾಗಿ ಬಂದಾಗ ಮುಚ್ಚಿ. ಸ್ಕ್ರೂ ಪೂರ್ತಿ ಆಚೆ ತೆಗೀಬೇಡಿ, ಒತ್ತಡದಲ್ಲಿರೋ ನೀರಿನ ಎದುರು ಅದನ್ನ ವಾಪಸ್ ಕೂರಿಸೋದು ಬಹಳ ಕಷ್ಟ.

ಗಾಳಿ ಹೋದಷ್ಟೂ ಸಿಸ್ಟಮಿನ ಪ್ರೆಷರ್ ಇಳಿಯತ್ತೆ. ಬಾಯ್ಲರಿನ ಮೀಟರ್ ನೋಡಿ, ತಣ್ಣಗಿರೋವಾಗ 1ರಿಂದ 1.5 ಬಾರ್ ಇರ್ಬೇಕು. ಇಳಿದಿದ್ರೆ ಬಾಯ್ಲರ್ ಕೆಳಗಿರೋ ಫಿಲ್ಲಿಂಗ್ ಲೂಪಿಂದ (ನಲ್ಲಿ ನೀರನ್ನ ಹೀಟಿಂಗಿಗೆ ತುಂಬಿಸೋ ಸಣ್ಣ ಪೈಪು) ನೀರು ಸೇರಿಸಿ, ಆಮೇಲೆ ಅದರ ವಾಲ್ವುಗಳನ್ನ ಗಟ್ಟಿಯಾಗಿ ಮುಚ್ಚಿ. ಬ್ಲೀಡ್ ಸ್ಕ್ರೂ ಬಿಡಿಸಿದ್ರೆ ಗಾಳಿಯೂ ಇಲ್ಲ ನೀರೂ ಇಲ್ಲ ಅಂದ್ರೆ ಪ್ರೆಷರ್ರೇ ಇಲ್ಲ ಅಂತ ಅರ್ಥ, ಮೊದಲು ನೀರು ತುಂಬಿಸಿ ಆಮೇಲೆ ಗಾಳಿ ನೋಡಿ.

ಎತ್ತರದ ಲೆಕ್ಕ ಒಂದು ಇದೆ, ಬಹಳ ಜನ ಮರೀತಾರೆ. ಹಳೇ ರೇಡಿಯೇಟರ್ 600 ಎಂಎಂ ಎತ್ತರ ಇರ್ತಿತ್ತು, ಹೊಸ ರೈಲು 1200, 1600, ಕೆಲವು 1800. ಅಂದ್ರೆ ಇಡೀ ಮನೆಯ ಹೀಟಿಂಗಲ್ಲಿ ಅತಿ ಎತ್ತರದ ಜಾಗ ಈಗ ನಿಮ್ಮ ರೈಲಿನ ತುದಿ ಆಗಿರ್ಬಹುದು, ಮನೆಯ ಗಾಳಿಯೆಲ್ಲ ಹೋಗಿ ಅಲ್ಲೇ ಕೂರತ್ತೆ. ನೀರು ಖಾಲಿ ಮಾಡಿ ತುಂಬಿಸಿದ ಮೇಲೆ ಮೊದಲ ಕೆಲವು ದಿನ ಮತ್ತೆ ಮತ್ತೆ ಬ್ಲೀಡ್ ಮಾಡೋದು ಸಹಜ. ಆದ್ರೆ ಲಾಫ್ಟಲ್ಲಿ ಸಣ್ಣ ತೊಟ್ಟಿ ಇರೋ ಹಳೇ ಓಪನ್ ಸಿಸ್ಟಮ್ ಮನೆಯಾಗಿದ್ದು, ಲಾಫ್ಟನ್ನೇ ರೂಮ್ ಮಾಡಿ ಅಲ್ಲಿ ಬಾತ್‌ರೂಮ್ ಕಟ್ಟಿಸಿದ್ರೆ, ತೊಟ್ಟಿಯ ನೀರಿನ ಮಟ್ಟಕ್ಕಿಂತ ರೈಲಿನ ತುದಿ ಮೇಲಿದ್ರೆ, ಆ ತುದಿ ಎಷ್ಟು ಬ್ಲೀಡ್ ಮಾಡಿದ್ರೂ ತುಂಬಲ್ಲ. ನೀರು ತನ್ನ ಮಟ್ಟ ಬಿಟ್ಟು ಮೇಲೆ ಏರಲ್ಲ. ರೈಲು ಗಿಡ್ಡ ಮಾಡ್ಬೇಕು ಇಲ್ಲಾ ಸಿಸ್ಟಮನ್ನ ಪ್ರೆಷರಿನದ್ದಕ್ಕೆ ಬದಲಾಯಿಸ್ಬೇಕು.

ತಿಂಗಳುಗಳಾದ್ರೂ ಗಾಳಿ ಬರ್ತಾನೇ ಇದ್ರೆ ಎಲ್ಲೋ ಸೋರ್ತಿದೆ, ಇಲ್ಲಾ ಒಳಗೆ ಕಬ್ಬಿಣ ತುಕ್ಕು ಹಿಡಿದು ಹೈಡ್ರೋಜನ್ ಹುಟ್ತಿದೆ. ಅದು ಉರಿಯೋ ಅನಿಲ, ಬ್ಲೀಡ್ ಮಾಡೋ ಜಾಗಕ್ಕೆ ಬೆಂಕಿ ಹಿಡಿದು ಪರೀಕ್ಷೆ ಮಾಡೋ ವಿಡಿಯೋಗಳನ್ನ ನೋಡಿ ಹಾಗೆ ಮಾಡೋಕೆ ಹೋಗ್ಬೇಡಿ.

ಕಪ್ಪು ಗಸಿ

ಬ್ಲೀಡ್ ಮಾಡಿದಾಗ ಬಟ್ಟೆ ಮೇಲೆ ಬಿದ್ದ ನೀರು ಶಾಯಿ ಥರ ಕಪ್ಪಗಿದ್ಯಾ? ಅದು ಮ್ಯಾಗ್ನೆಟೈಟ್, ಕಬ್ಬಿಣದ ಆಕ್ಸೈಡು, ಹಳೇ ಸ್ಟೀಲ್ ರೇಡಿಯೇಟರ್‌ಗಳು ಒಳಗಿಂದ ಸವೆದು ಆಗೋ ಗಸಿ. ವರ್ಷಗಟ್ಟಲೆ ತಳದಲ್ಲಿ ಕೂತಿದ್ದದ್ದು ನೀರು ಖಾಲಿ ಮಾಡಿ ತುಂಬಿಸೋ ಗಡಿಬಿಡೀಲಿ ಎದ್ದು, ಎಲ್ಲಿ ಕಿರಿದಾಗಿದೆಯೋ ಅಲ್ಲಿ ಹೋಗಿ ಸಿಕ್ಕಾಕೊಳ್ಳತ್ತೆ. 1970-80ರ ದಶಕದ ಎಷ್ಟೋ ಮನೆಗಳಲ್ಲಿ 8 ಇಲ್ಲಾ 10 ಎಂಎಂ ಸಣ್ಣ ಪೈಪು ಹಾಕಿರ್ತಾರೆ, ಅಂಥ ಕಡೆ ಕೆಲಸ ಆದ ಮಾರನೇ ವಾರವೇ ಪೈಪು ಕಟ್ಟೋದು ಇದೆ. ಮ್ಯಾಗ್ನೆಟೈಟ್ ಆಯಸ್ಕಾಂತಕ್ಕೆ ಅಂಟತ್ತೆ, ತಾಮ್ರ ಅಂಟಲ್ಲ, ಹಾಗಾಗಿ ಒಂದು ಗಟ್ಟಿ ಆಯಸ್ಕಾಂತವನ್ನ ಆ ತಾಮ್ರದ ಪೈಪಿನುದ್ದಕ್ಕೂ ಸರಿಸ್ತಾ ಹೋಗಿ, ಎಲ್ಲಿ ಕಚ್ಕೊಳ್ಳತ್ತೋ ಅಲ್ಲಿ ಒಳಗೆ ಗಸಿ ಗಡ್ಡೆಕಟ್ಟಿದೆ. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ, ನೆಲ ಅಗೆಸೋ ಮುಂಚೆ ಮಾಡ್ಲೇಬೇಕಾದ್ದು.

ಗಸಿ ಇದ್ರೆ ಪರಿಹಾರ ಪವರ್ ಫ್ಲಶ್ಶು (ಮೆಷಿನ್ನಿಂದ ಜೋರಾಗಿ ನೀರು ಹಾಯಿಸಿ ಪೈಪು ತೊಳೆಯೋದು), ಬಾಯ್ಲರ್ ಹತ್ರ ಮ್ಯಾಗ್ನೆಟಿಕ್ ಫಿಲ್ಟರು, ಆಮೇಲೆ ಇನ್‌ಹಿಬಿಟರ್ ಅನ್ನೋ ತುಕ್ಕು ತಡೆಯೋ ದ್ರಾವಣ. ಫರ್ನಾಕ್ಸ್ ಎಫ್1, ಸೆಂಟಿನೆಲ್ ಎಕ್ಸ್100 ಅಂತೆಲ್ಲ ಅಂಗಡೀಲಿ ಸಿಗತ್ತೆ. ರೇಡಿಯೇಟರ್ ಬದಲಾಯಿಸೋಕೆ ನೀರು ಖಾಲಿ ಮಾಡಿದಾಗ ಹಳೇ ಇನ್‌ಹಿಬಿಟರೂ ಮೋರಿಗೆ ಹೋಗಿರತ್ತೆ, ಹೊಸದು ಹಾಕಿದ್ರಾ ಅಂತ ದಯವಿಟ್ಟು ಕೇಳಿ. ಕ್ರೋಮ್ ಹೊಳಪೆಲ್ಲ ಹೊರಗಷ್ಟೇ, ಮಾಮೂಲಿ ರೈಲಿನ ಒಳಗಿರೋದು ಅದೇ ಮೈಲ್ಡ್ ಸ್ಟೀಲು. ಹಾಕಿಲ್ಲ ಅಂದ್ರೆ ಟವೆಲ್ ರೈಲೇ ಅದಕ್ಕೆ ಒಳ್ಳೇ ದಾರಿ: ಎರಡೂ ವಾಲ್ವ್ ಮುಚ್ಚಿ, ರೈಲಿನ ನೀರು ಸ್ವಲ್ಪ ಇಳಿಸಿ, ಮೇಲಿನ ಮುಚ್ಚಳ ಬಿಚ್ಚಿ, ಲಾಳಿಕೆಯಿಂದ ಸುರಿದು ವಾಪಸ್ ಮುಚ್ಚಿ, ಆಮೇಲೆ ವಾಲ್ವು ತೆರೆದು ಬ್ಲೀಡ್ ಮಾಡಿ. ವಾಲ್ವು ಮುಚ್ಚೋವಾಗ ಲಾಕ್‌ಶೀಲ್ಡ್ ಎಷ್ಟು ಸುತ್ತು ತಿರುಗ್ತು ಅಂತ ಬರೆದಿಟ್ಕೊಳ್ಳಿ, ಅಷ್ಟೇ ಸುತ್ತು ವಾಪಸ್ ತೆರೀಬೇಕು.

ಎರಡೂ ಪೈಪು ತಣ್ಣಗಿದ್ರೆ

ಬೇರೆ ರೇಡಿಯೇಟರ್‌ಗಳ ಲಾಕ್‌ಶೀಲ್ಡೆಲ್ಲ ಪೂರ್ತಿ ತೆರೆದಿದ್ರೆ ನೀರು ಸುಲಭದ ದಾರಿ ಹಿಡಿದು ಬಾಯ್ಲರಿಗೆ ಹತ್ರ ಇರೋವುದರಲ್ಲೇ ಸುತ್ತತ್ತೆ, ಬಾತ್‌ರೂಮಿನ ರೈಲಿಗೆ ಉಳಿಯೋದು ಕಮ್ಮಿ. ಪರೀಕ್ಷೆ ಸುಲಭ: ಮನೆಯ ಬೇರೆಲ್ಲ ರೇಡಿಯೇಟರನ್ನ ಸ್ವಲ್ಪ ಹೊತ್ತು ಮುಚ್ಚಿ ರೈಲೊಂದನ್ನೇ ತೆರೆದಿಡಿ. ಆಗ ಬಿಸಿ ಬಂದ್ರೆ ಪೈಪು ಚೆನ್ನಾಗಿದೆ, ಬ್ಯಾಲೆನ್ಸ್ ಮಾಡಿದ್ರೆ ಸಾಕು, ಅಂದ್ರೆ ಹತ್ತಿರದ ರೇಡಿಯೇಟರ್‌ಗಳ ಲಾಕ್‌ಶೀಲ್ಡನ್ನ ಕಾಲು ಕಾಲು ಸುತ್ತು ಬಿಗಿ ಮಾಡ್ತಾ ಬರೋದು. ಒಂದು ದಿನದ ತಾಳ್ಮೆ ಬೇಕು, ಅಷ್ಟೇ.

ಆಗ್ಲೂ ಬರ್ಲಿಲ್ಲ ಅಂದ್ರೆ ಅನುಮಾನ ನೆಲದ ಕೆಳಗೆ. ಹಳೇ ರೇಡಿಯೇಟರ್ 800 ಎಂಎಂ ಅಗಲ ಇದ್ದಿದ್ರೆ ಪೈಪುಗಳು ಹತ್ರಹತ್ರ ಒಂದು ಮೀಟರ್ ದೂರ ಇದ್ವು, 500 ಅಗಲದ ರೈಲಿಗೆ ಅವು ಸುಮಾರು 450ಕ್ಕೆ ಬರ್ಬೇಕು. ಅಂದ್ರೆ ಯಾರೋ ನೆಲದ ಹಲಗೆ ಎತ್ತಿ ಪೈಪು ಸರಿಸಿದ್ದಾರೆ, ಪ್ಲಾಸ್ಟಿಕ್ ಪೈಪು ಬಗ್ಗಿಸಿ ಜೋಡಿಸಿರ್ತಾರೆ, ಅದು ಮಡಚ್ಕೊಂಡಿದ್ರೆ ನೀರು ಹೋಗಲ್ಲ. ಟೈಲ್ ಕೂರಿಸೋ ಮುಂಚೆ ತೆಗೆದ ಫೋಟೋ ಇದ್ರೆ ಇಲ್ಲಿ ತುಂಬಾ ಉಪಯೋಗಕ್ಕೆ ಬರತ್ತೆ, ಕೆಲಸ ಇನ್ನೂ ಶುರು ಆಗದೇ ಇರೋರು ಈಗಲೇ ನೆನಪಿಟ್ಕೊಂಡು ಫೋಟೋ ತೆಗೀರಿ.

ಒಂದು-ಪೈಪ್ ಸಿಸ್ಟಮ್ ವಿಷಯ: ರೈಲಿನ ಎರಡೂ ಪೈಪು ಕೆಳಗೆ ಹೋಗಿ ಒಂದೇ ದಪ್ಪ ಪೈಪಿಗೆ ಸೇರಿರತ್ತೆ, ಬಹುತೇಕ ನೀರು ರೈಲನ್ನ ಕೇಳದೇ ನೇರ ಮುಂದಕ್ಕೆ ಹೋಗತ್ತೆ. ಹಳೇ ರೇಡಿಯೇಟರ್‌ಗೆ ಅಗಲ ದಾರಿಯ ವಾಲ್ವ್ ಇತ್ತು, ಹೊಸ ಚೆಂದದ ವಾಲ್ವಿನ ದಾರಿ ಕಿರಿದು, ಅಲ್ಲೇ ಕಟ್ಟಾಯ್ತು. ತಡೆ ಕಮ್ಮಿ ಇರೋ ವಾಲ್ವ್ ಹಾಕಿಸಿದ್ರೆ ಸ್ವಲ್ಪ ಸುಧಾರಿಸತ್ತೆ.

ರೈಲು ಬಿಸಿ, ರೂಮು ತಣ್ಣಗೆ

ಇದಕ್ಕೆ ಯಾರೂ ರಿಪೇರಿ ಮಾಡೋಕಾಗಲ್ಲ ಯಾಕಂದ್ರೆ ಏನೂ ಕೆಟ್ಟಿಲ್ಲ. 600 ಎತ್ತರ 800 ಅಗಲದ, ಹಿಂದೆ ಫಿನ್ (ಮಡಿಕೆ ಮಡಿಕೆ ತಗಡು) ಇರೋ ಸಿಂಗಲ್ ಪ್ಯಾನೆಲ್ ರೇಡಿಯೇಟರ್ ಸುಮಾರು 750-800 ವ್ಯಾಟ್ ಕೊಡತ್ತೆ, 500 ಅಗಲ 1200 ಎತ್ತರದ ಕ್ರೋಮ್ ರೈಲು ಕೊಡೋದು 300ರ ಆಸುಪಾಸು. ಅದೇ ಅಳತೆ ಬಿಳಿ ಬಣ್ಣದ್ದು ಕ್ರೋಮಿಗಿಂತ ಗಣನೀಯವಾಗಿ ಜಾಸ್ತಿ ಬಿಸಿ ಕೊಡತ್ತೆ, ಹೊಳೆಯೋ ಕ್ರೋಮ್ ಶಾಖವನ್ನ ಹೊರಗೆ ಬಿಡೋದು ಕಮ್ಮಿ. ಅದರ ಮೇಲೆ ಎರಡು ದಪ್ಪ ಟವೆಲ್ ಹೊದಿಸಿದ್ರೆ ಇನ್ನೂ ಇಳಿಯತ್ತೆ. ಡಬ್ಬದ ಮೇಲೆ ಬಿಟಿಯು ಅಂತ ದೊಡ್ಡ ನಂಬರ್ ನೋಡಿ ಮೋಸ ಹೋಗ್ಬೇಡಿ, ಅದು ಶಾಖದ ಇನ್ನೊಂದು ಅಳತೆ, 1 ವ್ಯಾಟ್ ಅಂದ್ರೆ ಗಂಟೆಗೆ 3.41 ಬಿಟಿಯು, ಸಾವಿರ ಅಂತ ಕಂಡಿದ್ದು 300 ವ್ಯಾಟಿಗೂ ಕಮ್ಮಿ. ಆ ನಂಬರೂ ನೀರಿನ ಸರಾಸರಿ ಬಿಸಿ ರೂಮಿಗಿಂತ 50 ಡಿಗ್ರಿ ಜಾಸ್ತಿ ಇದ್ದಾಗಿನದ್ದು. ಗ್ಯಾಸ್ ಉಳಿಸೋಕೆ ಅಂತ ಬಾಯ್ಲರಿನ ನೀರನ್ನ 55ಕ್ಕೆ ಇಳಿಸಿದ್ರೆ, ಇಲ್ಲಾ ಹೀಟ್ ಪಂಪ್ ಇದ್ರೆ, ಆ ವ್ಯತ್ಯಾಸ 30ಕ್ಕೆ ಇಳಿದು ರೈಲು ಕೊಡೋದು ಅರ್ಧ ಮಾತ್ರ.

ಮಕ್ಕಳಿರೋ ಮನೆ, ವಯಸ್ಸಾದ ಅಪ್ಪ ಅಮ್ಮ ಊರಿಂದ ಬಂದು ಆರು ತಿಂಗಳು ಇರೋ ಮನೆ ಆದ್ರೆ ಇದನ್ನ ಹಗುರವಾಗಿ ತಗೋಬೇಡಿ, ತಣ್ಣಗಿನ ಬಾತ್‌ರೂಮಲ್ಲಿ ತೇವ ನಿಂತು ಗೋಡೆ ಕಪ್ಪಗಾಗತ್ತೆ, ಅವರಿಗೆ ಸ್ನಾನನೇ ಶಿಕ್ಷೆ ಆಗತ್ತೆ. ಜಾಗ ಇದ್ರೆ ದೊಡ್ಡ ಬಿಳಿ ರೈಲು ಹಾಕಿಸಿ, ಇಲ್ಲಾ ಕೆಳಗೆ ರೇಡಿಯೇಟರ್ ಮೇಲೆ ಕಂಬಿ ಇರೋ ಮಾದರಿ ತಗೊಳ್ಳಿ. ನನ್ನನ್ನ ಕೇಳಿದ್ರೆ ಕ್ರೋಮಿನ ಹೊಳಪಿಗಿಂತ ಇವೆರಡೂ ಎಷ್ಟೋ ವಾಸಿ.

ಕೆಲವರು ರೈಲಿನ ಕೆಳಗೆ ಕರೆಂಟಿನ ಎಲಿಮೆಂಟ್ ಸೇರಿಸ್ತಾರೆ, ಬೇಸಿಗೇಲಿ ಬಾಯ್ಲರ್ ಇಲ್ದೇ ಟವೆಲ್ ಒಣಗ್ಸೋಕೆ. ಅದು ಓಡೋವಾಗ ಒಂದೇ ವಾಲ್ವ್ ಮುಚ್ಚಿ, ಇನ್ನೊಂದು ತೆರೆದೇ ಇರ್ಲಿ. ಎರಡೂ ಮುಚ್ಚಿದ್ರೆ ಕಾದ ನೀರು ಹಿಗ್ಗೋಕೆ ಜಾಗ ಇಲ್ದೇ ಒತ್ತಡ ಏರತ್ತೆ, ಅದು ಅಪಾಯ. ಖಾಲಿ ರೈಲಲ್ಲಿ ಎಲಿಮೆಂಟ್ ಹಾಕಿದ್ರೆ ಸುಟ್ಟೋಗತ್ತೆ. ಆನ್ ಮಾಡಿದಾಗೆಲ್ಲ ಆರ್‌ಸಿಡಿ (ಕರೆಂಟ್ ಸೋರಿದ್ರೆ ತಾನಾಗೇ ಆಫ್ ಆಗೋ ಸುರಕ್ಷತೆ ಸ್ವಿಚ್) ಬೀಳ್ತಿದ್ರೆ ಮತ್ತೆ ಮತ್ತೆ ಎತ್ತಿ ಹಾಕ್ಬೇಡಿ, ಎಲೆಕ್ಟ್ರಿಷಿಯನ್ ಕರೀರಿ.

ಬಾಯ್ಲರ್ ಸದ್ದು ಮಾಡ್ತಿದ್ರೆ, ಪ್ರೆಷರ್ ಇಳೀತಿದ್ರೆ

ಎಷ್ಟೋ ಮನೇಲಿ ಬಾತ್‌ರೂಮಿನ ರೇಡಿಯೇಟರಿಗೆ ಬೇಕಂತಲೇ ಟಿಆರ್‌ವಿ ಹಾಕಿರಲ್ಲ. ಬೇರೆಲ್ಲ ಮುಚ್ಚಿದಾಗ್ಲೂ ಪಂಪ್ ತಳ್ಳೋ ನೀರಿಗೆ ಒಂದು ದಾರಿ ಇರ್ಲಿ ಅಂತ. ಹೊಸ ರೈಲಿಗೆ ಟಿಆರ್‌ವಿ ಹಾಕಿದ್ರೆ ಆ ದಾರಿ ಮುಚ್ಚತ್ತೆ, ಬಾಯ್ಲರ್ ಗುಡುಗೋದು, ಪದೇಪದೇ ಆನ್ ಆಫ್ ಆಗೋದು ಶುರುವಾಗತ್ತೆ. ಬಾಯ್ಲರಿನೊಳಗೆ ಬೈಪಾಸ್ (ಇಂಥ ಹೊತ್ತಲ್ಲಿ ನೀರು ಸುತ್ತೋಕೆ ಇರೋ ಬದಲಿ ದಾರಿ) ಇದ್ಯಾ ಅಂತ ಅದರ ಮ್ಯಾನ್ಯುಅಲ್ಲಲ್ಲಿ ನೋಡಿ, ಇಲ್ದಿದ್ರೆ ರೈಲಿನ ಟಿಆರ್‌ವಿ ತೆಗೆಸಿ ಮಾಮೂಲಿ ವಾಲ್ವ್ ಹಾಕಿಸಿ.

ವಾರಕ್ಕೊಮ್ಮೆ ನೀರು ಸೇರಿಸ್ಬೇಕಾಗಿ ಬರ್ತಿದ್ರೆ ಜಿನುಗ್ತಿದೆ. ಒಣ ಟಿಶ್ಯೂ ಪೇಪರನ್ನ ಪ್ರತಿ ನಟ್ಟಿನ ಸುತ್ತ ಒತ್ತಿ ನೋಡಿ, ಬಿಸಿ ರೈಲಲ್ಲಿ ಸಣ್ಣ ಹನಿ ಬೀಳೋ ಮುಂಚೆ ಆವಿ ಆಗೋದ್ರಿಂದ ತಣ್ಣಗಿರೋವಾಗ ಮಾಡಿ. ತಾಮ್ರದ ಜೋಡಣೆ ಹತ್ರ ಹಸಿರು ಕಲೆ ಇದ್ರೆ ಅಲ್ಲೇ. ಕ್ರೋಮ್ ಪೈಪಿಗೆ ಪುಶ್-ಫಿಟ್ ಜೋಡಣೆ (ಸುಮ್ನೆ ಒತ್ತಿ ಸೇರಿಸೋದು) ಹಾಕಿದ್ರೆ ಅದರ ಹಲ್ಲು ಕ್ರೋಮನ್ನ ಕಚ್ಚಲ್ಲ, ಜಾರಿ ಬಿಚ್ಕೊಂಡು ಕೆಳಗಿನ ಸೀಲಿಂಗ್ ಹಾಳಾಗಬಹುದು, ಅದನ್ನ ಕಂಡ ತಕ್ಷಣ ಬದಲಾಯಿಸಿ. ಮತ್ತೆ ಮತ್ತೆ ಹೊಸ ನೀರು ಸೇರಿಸ್ತಾ ಕಾಲ ಹಾಕ್ಬೇಡಿ, ಹೊಸ ನೀರಿನ ಜೊತೆ ಆಕ್ಸಿಜನ್ ಬಂದು ಒಳಗಿನ ಸ್ಟೀಲನ್ನ ತಿನ್ನತ್ತೆ.

ಬಾಯ್ಲರಿನ ಕವಚ ತೆಗೆಯೋ ಕೆಲಸ ಇದ್ರೆ ಗ್ಯಾಸ್ ಸೇಫ್ ರಿಜಿಸ್ಟರಲ್ಲಿ (ಗ್ಯಾಸ್ ಕೆಲಸ ಮಾಡೋಕೆ ಅರ್ಹರಾದವರ ಯುಕೆ ಪಟ್ಟಿ) ಇರೋರನ್ನೇ ಕರೀರಿ, ಬಾಡಿಗೆ ಮನೆ ಆದ್ರೆ ಬ್ಲೀಡ್ ಮಾಡೋದು ಬಿಟ್ಟು ಉಳಿದದ್ದನ್ನೆಲ್ಲ ಮಾಲೀಕರಿಗೆ ಹೇಳಿ. ಪ್ಲಂಬರಿಗೆ ಫೋನ್ ಮಾಡೋವಾಗ "ಬಿಸಿ ಬರ್ತಿಲ್ಲ" ಅಂತ ಮಾತ್ರ ಹೇಳ್ಬೇಡಿ. ಯಾವ ಪೈಪು ಬಿಸಿ ಯಾವುದು ತಣ್ಣಗೆ, ಪಿನ್ನು ಆಡತ್ತಾ, ಬ್ಲೀಡ್ ಮಾಡಿದಾಗ ಬಂದ ನೀರಿನ ಬಣ್ಣ ಏನು, ಮೀಟರಲ್ಲಿ ಎಷ್ಟು ಬಾರ್, ಬೇರೆಲ್ಲ ಮುಚ್ಚಿದಾಗ ರೈಲು ಬಿಸಿ ಆಯ್ತಾ, ಈ ಐದು ಮಾತು ಹೇಳಿ, ಅವರು ಬರೋವಾಗ ಬೇಕಾದ ಸಾಮಾನೇ ತಗೊಂಡು ಬರ್ತಾರೆ.